ಅಚೋಲ್ ಹಾಕದ ಸಹಿ

ಚಾಮರಾಜ ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್ ಎಂಬ ಸೇನೆಯ ಎಂಜಿನಿಯರ್ ದಳದಲ್ಲಿ ಇಪ್ಪತ್ನಾಲ್ಕು ವರ್ಷ ಇದ್ದು ಸುಬೇದಾರನಾಗಿ ನಿವೃತ್ತನಾದವನು. ನೆಲಬಾಂಬು ತೆಗೆಯುವುದು ಅವನಿಗೆ ಗೊತ್ತಿದ್ದ ಕಸುಬು. ಹೆಂಡತಿ ಜಯಶೀಲಾ ಐರಿಶ್ ನಗರವಾದ ಕಾರ್ಕ್‌ನ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿ, ಅಲ್ಲಿನ ಡಗ್ಲಸ್ ಬಡಾವಣೆಯಲ್ಲಿ ಮನೆ ಹಿಡಿದ ಮೇಲೆ ಅವನೂ ಒಂದು ಸಂಸ್ಥೆ ಸೇರಿ ದಕ್ಷಿಣ ಸುಡಾನ್‌ಗೆ ಹೋದ. ಮೂರು ತಿಂಗಳು ಅಲ್ಲಿ, ಮೂರು ವಾರ ಮನೆಯಲ್ಲಿ. ಅಲ್ಲಿ ಅವನು ಬಾಂಬು ತೆಗೆಯುತ್ತಿರಲಿಲ್ಲ, ತೆಗೆಯುವುದನ್ನು ಕಲಿಸುತ್ತಿದ್ದ. ಯುದ್ಧದಿಂದ ನಲುಗಿದ ಆ ದೇಶದವರೇ ತಮ್ಮ ನೆಲವನ್ನು ಹಸನು ಮಾಡಿಕೊಳ್ಳಬೇಕು, ಹೊರಗಿನವರು ಮನೆಗೆ ಹೋಗಬೇಕು ಎಂಬುದು ಯೋಜನೆ. ಐದು ವರ್ಷದಲ್ಲಿ ಅವನು ಪಳಗಿಸಿದ ಎಪ್ಪತ್ತು ಜನರಲ್ಲಿ ಅಚೋಲ್ ಎಂಬ ಹೆಂಗಸು ಒಂದು ತಂಡದ ಮುಖ್ಯಸ್ಥೆಯಾಗಿದ್ದಳು.

2020ರ ಮಾರ್ಚ್‌ನಲ್ಲಿ ರಜೆಗೆ ಬಂದವನು ಡಗ್ಲಸ್‌ನಲ್ಲೇ ಸಿಕ್ಕಿಕೊಂಡ. ವಿಮಾನಗಳು ನಿಂತವು. ಮನೆಯಿಂದ ಎರಡು ಕಿಲೋಮೀಟರ್ ದಾಟುವಂತಿರಲಿಲ್ಲ. ಕೋವಿಡ್ ವಾರ್ಡಿನಲ್ಲಿದ್ದ ಜಯಶೀಲಾ ಮಹಡಿಯ ಕೋಣೆಯಲ್ಲಿ ಬೇರೆಯೇ ಇರುತ್ತಿದ್ದಳು. ಅವನು ಊಟದ ತಟ್ಟೆಯನ್ನು ಅವಳ ಬಾಗಿಲ ಬಳಿ ಇಟ್ಟು ಕೆಳಗಿಳಿದು, ಅಡುಗೆಮನೆಯ ಮೇಜಿನಲ್ಲಿ ಲ್ಯಾಪ್‌ಟಾಪ್ ತೆರೆದು, ಅಚೋಲ್ ಕಳಿಸಿದ ಫೋಟೊ, ನಕ್ಷೆಗಳನ್ನು ನೋಡುತ್ತಿದ್ದ.

ಜುಲೈ ಹೊತ್ತಿಗೆ ಒಂದು ಹೊಲದ ಹುಡುಕಾಟ ಮುಗಿಯಿತು. ಅದು ಒಂದು ಹಳ್ಳಿಗೂ ಅದರ ಬೋರ್‌ವೆಲ್‌ಗೂ ನಡುವೆ ಇದ್ದ ಜಾಗ. ಹೆಂಗಸರು ಅದರೊಳಗೆ ಕಾಲಿಡದೆ ಸುತ್ತುಹಾಕಿಕೊಂಡು ನೀರಿಗೆ ಮುಕ್ಕಾಲು ಗಂಟೆ ನಡೆಯುತ್ತಿದ್ದರು. ಹಳ್ಳಿಯ ಮುಖಂಡ ಬೇಗ ಬಿಟ್ಟುಕೊಡಿ ಎನ್ನುತ್ತಿದ್ದ, ಮುಖ್ಯ ಕಚೇರಿ ತಿಂಗಳ ಕೊನೆಯೊಳಗೆ ವರದಿ ಬೇಕೆನ್ನುತ್ತಿತ್ತು. ಚಾಮರಾಜ ದಾಖಲೆಗಳನ್ನೆಲ್ಲ ಎರಡು ಸಲ ಪರೀಕ್ಷಿಸಿ, ನೆಲ ಸುರಕ್ಷಿತವೆಂಬ ಪತ್ರಕ್ಕೆ ಸಹಿ ಹಾಕಿ ಕಳಿಸಿದ. ಎರಡನೆಯ ಸಹಿ ಅಚೋಲ್‌ಳದು. ಅವಳು ಹಾಕಲಿಲ್ಲ.

ಕಾರಣ ಕೇಳಿದಾಗ ಹೇಳಿದಳು: ವಾರವಿಡೀ ಮಳೆಯಾಗಿದೆ. ಮೇಲಿನ ಇಳಿಜಾರಿನಲ್ಲಿ ಇನ್ನೂ ಹುಡುಕದ ಜಾಗವಿದೆ. ಅಲ್ಲಿ ನೆಟ್ಟಿದ್ದ ಅಪಾಯ ಸೂಚಿಸುವ ಎರಡು ಕೆಂಪು ಗುರುತಿನ ಕೋಲುಗಳು ನೀರಲ್ಲಿ ಕೊಚ್ಚಿಬಂದು ಈ ಹೊಲದಲ್ಲಿ ಬಿದ್ದಿವೆ. ಇಡೀ ಹೊಲವನ್ನು ಮತ್ತೆ ಹುಡುಕಬೇಕು.

ಚಾಮರಾಜ ಹಿರಿಯೂರಿನ ಕಡೆಯ ಎರೆಹೊಲಗಳಲ್ಲಿ ಬೆಳೆದವನು, ಆ ಹೊಲದ್ದೂ ಅಂಥದೇ ಕಪ್ಪು ಮಣ್ಣು. ಎರೆಮಣ್ಣು ಮಳೆಗೆ ಏನು ಮಾಡುತ್ತದೆಂದು ತನಗೇ ಪಾಠವೇ ಎನಿಸಿತು. ಕೋಲು ಹಗುರ, ಹೂತ ಬಾಂಬು ಹಾಗೆ ತೇಲಿಬರುವುದು ನೂರಕ್ಕೊಂದು ಎಂದು ವಾದಿಸಿದ.

ಅಚೋಲ್ ದನಿ ಏರಿಸಲಿಲ್ಲ. "ಸರ್, ಆ ನೀರು ಹರಿದದ್ದನ್ನು ನಾನು ನೋಡಿದ್ದೇನೆ. ನೀವು ನೋಡಿಲ್ಲ. ನಾನು ಸಹಿ ಹಾಕುವುದಿಲ್ಲ."

ಅವತ್ತು ಸಂಜೆ ಜಯಶೀಲಾ ಮೆಟ್ಟಿಲ ಮೇಲ್ತುದಿಯಲ್ಲಿ, ಅವನು ಕೆಳಗಿನ ಮೆಟ್ಟಿಲಲ್ಲಿ ಕೂತು ಚಹಾ ಕುಡಿದರು. ತಾನು ಕಲಿಸಿದವಳೇ ತನಗೆ ಎದುರು ನಿಂತಳೆಂದು ಅವನು ಗೊಣಗಿದ. ಜಯಶೀಲಾ ಪೂರ್ತಿ ಕೇಳಿಸಿಕೊಂಡಳು.

"ನೋಡ್ರೀ, ಪೇಷಂಟ್ ಪಕ್ಕ ನಾನು ನಿಂತಿರ್ತೀನಿ. ಫೋನಲ್ಲಿರೋ ಡಾಕ್ಟ್ರಿಗೆ ಬೇಡ ಅಂದ್ರೆ ಅವ್ರು ಸುಮ್ನಾಗ್ತಾರೆ. ಹಂಗೇನೆ ಇದೂ."

"ನಾನು ತಪ್ಪು ಹೇಳ್ಲಿಲ್ಲ ಕಣೆ."

"ತಪ್ಪು ಅಂತ ನಾನೆಲ್ಲಿ ಅಂದೆ? ನೀವು ಅಲ್ಲಿಲ್ಲ, ಅಷ್ಟೇ."

ಮರುದಿನ ಅವನು ತನ್ನ ಸಹಿಯನ್ನು ಹಿಂದಕ್ಕೆ ಪಡೆದ. ಮುಖ್ಯ ಕಚೇರಿಯಿಂದ ಬಂದ ಉತ್ತರದಲ್ಲಿ ಅಸಮಾಧಾನವಿತ್ತು.

ಹತ್ತೊಂಬತ್ತು ದಿನ ಅಚೋಲ್‌ಳ ತಂಡ ಹೊಲವನ್ನು ಮತ್ತೆ ಗೇಣು ಗೇಣಾಗಿ ಹುಡುಕಿತು. ಸಿಕ್ಕಿದ್ದು ಡಬ್ಬಿಯ ಮುಚ್ಚಳಗಳು, ತಂತಿ, ಖಾಲಿ ತೋಟಾಗಳು. ಬಾಂಬು ಒಂದೂ ಇರಲಿಲ್ಲ. ಸುದ್ದಿ ಓದಿದ ಕೂಡಲೇ ಚಾಮರಾಜನಿಗೆ ಒಳಗೊಳಗೇ ಖುಷಿಯಾಯಿತು, ತಾನು ಹೇಳಿದ್ದೇ ನಿಜವಾಯಿತೆಂದು. ಸ್ವಲ್ಪ ಹೊತ್ತಿಗೆ ಆ ಖುಷಿಗೆ ನಾಚಿಕೆಯಾಯಿತು. ಅಚೋಲ್ ಕ್ಷಮೆ ಕೇಳಲಿಲ್ಲ. ಈ ಸಲ ಮೊದಲ ಸಹಿ ಅವಳದು. ಅವನು ಕೆಳಗೆ ತನ್ನದನ್ನು ಹಾಕಿದ. ಆಗಸ್ಟ್ ಮಧ್ಯದಲ್ಲಿ ಹೆಂಗಸರು ಹೊಲದೊಳಗಿಂದಲೇ ನೀರಿಗೆ ಹೋಗತೊಡಗಿದರು.

ಸೆಪ್ಟೆಂಬರ್‌ನಲ್ಲಿ ಸಂಸ್ಥೆ ಯಾವಾಗ ಹಿಂದಿರುಗುತ್ತೀರಿ ಎಂದು ಕೇಳಿತು. ಅವನು ಎರಡು ದಿನ ಯೋಚಿಸಿ ಮೂರು ಸಾಲು ಬರೆದ: ಆ ತಂಡಕ್ಕೆ ಹೊರಗಿನ ಸಲಹೆಗಾರ ಬೇಕಿಲ್ಲ, ಅಚೋಲ್‌ಳ ಸಹಿಯೊಂದೇ ಸಾಕು, ನನ್ನ ಹುದ್ದೆಯನ್ನು ಅವಳಿಗೆ ಕೊಡಿ. ಸಂಸ್ಥೆ ಹಾಗೆಯೇ ಮಾಡಿತು.

ಮುಂದೇನು ಎಂದು ಜಯಶೀಲಾ ಕೇಳಿದ ಮೇಲೆ ಅವನು ಊರಿನಲ್ಲೇ ಕೆಲಸ ಹುಡುಕತೊಡಗಿದ. ನವೆಂಬರ್‌ನಲ್ಲಿ ಕಾರ್ಕ್‌ನ ಒಂದು ಕಟ್ಟಡ ಕಾಮಗಾರಿಯಲ್ಲಿ ಸೇಫ್ಟಿ ಸೂಪರ್‌ವೈಸರ್ ಕೆಲಸ ಸಿಕ್ಕಿತು. ಮೊದಲ ವಾರವೇ ಅಚೋಲ್ ಫೋನ್ ಮಾಡಿದಳು. ಯಾವ ಹೊಲ, ಏನು ತೊಂದರೆ ಎಂದು ಚಾಮರಾಜ ಹೆಲ್ಮೆಟ್ ತೆಗೆಯುತ್ತಲೇ ವಿಚಾರಿಸಿದ. ತೊಂದರೆ ಏನೂ ಇಲ್ಲ, ಆಸ್ಪತ್ರೆಯಲ್ಲಿ ದುಡಿಯುವ ನಿಮ್ಮ ಹೆಂಡತಿ ಹೇಗಿದ್ದಾರೆಂದು ಕೇಳೋಣವೆನಿಸಿತು ಎಂದಳು.