ಕಣ್ಣು ತಮ್ಮನಿಗೆ ಹೋಯಿತು

ನಮ್ಮ ಕಾರ್ಖಾನೆಯ ಯಜಮಾನರು ಯಾರನ್ನು ನೋಡಿದರೂ ಎಡಗಣ್ಣು ಮುಚ್ಚಿಕೊಂಡೇ ನೋಡುತ್ತಿದ್ದರು. ಬ್ಯಾಂಕಿನ ಮ್ಯಾನೇಜರಾಗಲಿ, ಹೆಂಡತಿ ಬಡಿಸಿದ ತಟ್ಟೆಯಾಗಲಿ, ತೊಟ್ಟಿಲಲ್ಲಿ ಮಲಗಿದ ಮೊಮ್ಮಗಳಾಗಲಿ, ಮೊದಲು ಎಡಗಣ್ಣಿನ ರೆಪ್ಪೆ ಇಳಿಯುತ್ತಿತ್ತು, ಕುತ್ತಿಗೆ ಒಂದಿಷ್ಟು ಮುಂದಕ್ಕೆ ಬರುತ್ತಿತ್ತು, ಆಮೇಲೆ ಬಲಗಣ್ಣು ಎದುರಿಗಿದ್ದದ್ದರ ಈ ತುದಿಯಿಂದ ಆ ತುದಿಗೆ ನಿಧಾನವಾಗಿ ಹೋಗಿ ಬರುತ್ತಿತ್ತು. ಪರವಾನಗಿ ಕಚೇರಿಗೆ ಹೊಸದಾಗಿ ಬಂದ ಹೆಣ್ಣುಮಗಳೊಬ್ಬಳು, ಈ ಮುದುಕ ನನಗೆ ಕಣ್ಣು ಹೊಡೆದ ಎಂದು ಮೇಲಧಿಕಾರಿಗೆ ದೂರು ಕೊಟ್ಟೇಬಿಟ್ಟಳು. "ಅವರು ನಿನ್ನ ಮೇಜನ್ನೂ ಹಾಗೇ ನೋಡ್ತಾರಮ್ಮ, ಸುಮ್ನಿರು" ಎಂದು ಅವನು ಸಮಾಧಾನ ಹೇಳಬೇಕಾಯಿತು.

ನಲವತ್ತು ವರ್ಷ ಬಂದೂಕಿನ ನಳಿಗೆಯೊಳಗೆ ಇಣುಕಿದವರ ಮುಖ ಹಾಗಾಗುತ್ತದೆ. ಅವರದು ಏಳು ಜನರ ಸಣ್ಣ ಕಾರ್ಖಾನೆ. ಮುನ್ನೂರು ಮೀಟರು ದೂರದ ಗುರಿಗೆ ಹೊಡೆಯುವ ಪಂದ್ಯದ ರೈಫಲ್ಲುಗಳನ್ನು ಮಾಡುತ್ತಿದ್ದರು. ಪಕ್ಕದ ಕೋಣೆಯಲ್ಲಿ ಕೂತು ಮರದ ಹಿಡಿಗಳಿಗೆ ಎಣ್ಣೆ ಉಜ್ಜಿ ನಳಿಗೆಗೆ ಕೂರಿಸುವುದು ನನ್ನ ಕೆಲಸ. ಉಜ್ಜುವವಳಿಗೆ ಕೈ ಮಾತ್ರ ಬೇಕು, ಕಿವಿ ಬಿಡುವಾಗಿರುತ್ತದೆ; ಆದ್ದರಿಂದ ಈ ಮನುಷ್ಯನ ವಿಷಯದಲ್ಲಿ ನಾನು ಕಂಡದ್ದಕ್ಕಿಂತ ಕೇಳಿದ್ದೇ ಹೆಚ್ಚು.

ನಳಿಗೆ ನೋಡುವ ವಿದ್ಯೆ ಹೇಳಲು ಸುಲಭ. ಕೊರೆದ ನಳಿಗೆಯನ್ನು ಕಿಟಕಿಯ ಅಡ್ಡಪಟ್ಟಿಯ ಕಡೆಗೆ ಹಿಡಿದು ಒಳಗೆ ನೋಡಿದರೆ ಪಟ್ಟಿಯ ನೆರಳು ಒಳಗೋಡೆಯ ಮೇಲೆ ಒಂದು ಗೆರೆಯಾಗಿ ಬೀಳುತ್ತದೆ. ಗೆರೆ ಎಲ್ಲೂ ಮುರಿಯದೆ ಹೋದರೆ ನಳಿಗೆ ನೆಟ್ಟಗಿದೆ. ಮುರಿದರೆ ಅಲ್ಲಿ ಕೂದಲೆಳೆಯಷ್ಟು ಬಾಗಿದೆ, ಎರಡು ಮರದ ದಿಮ್ಮಿಗಳ ಮೇಲಿಟ್ಟು ತಾಮ್ರದ ಸುತ್ತಿಗೆಯಿಂದ ತಟ್ಟಬೇಕು. ಎಲ್ಲಿ ತಟ್ಟಬೇಕು, ಎಷ್ಟು ತಟ್ಟಬೇಕು ಎಂಬುದನ್ನು ಯಾವ ಪುಸ್ತಕವೂ ಹೇಳುವುದಿಲ್ಲ. ಕಾರ್ಖಾನೆ ಕಟ್ಟಿದ ಅಪ್ಪ ತನ್ನ ಇಬ್ಬರು ಮಕ್ಕಳನ್ನೂ ಒಂದೇ ಕಿಟಕಿಯ ಮುಂದೆ ನಿಲ್ಲಿಸಿ ಕಲಿಸಿದ. ದೊಡ್ಡವರು, ಅಂದರೆ ನಮ್ಮ ಯಜಮಾನರು, ಏಳು ಸಲ ನೋಡಿ, ಬೆವರು ಒರೆಸಿಕೊಂಡು, ಎಂಟನೇ ಸಲ ತಟ್ಟುತ್ತಿದ್ದರು. ಚಿಕ್ಕವನು ಶಿಳ್ಳೆ ಹಾಕುತ್ತ ಬಂದು, ಒಮ್ಮೆ ಇಣುಕಿ, ಒಂದು ಪೆಟ್ಟು ಕೊಟ್ಟು, ಶಿಳ್ಳೆ ಮುಗಿಯುವುದರೊಳಗೆ ಹೋಗಿಬಿಡುತ್ತಿದ್ದ. ಅಪ್ಪ ಹಾಸಿಗೆ ಹಿಡಿದಾಗ ಆಸ್ತಿಯ ಮಾತು ಬಂತು. "ಕಾರ್ಖಾನೆ ದೊಡ್ಡವನಿಗೆ ಇರ್ಲಿ. ಸಣ್ಣವನಿಗೆ ನಾನೇನು ಕೊಡೋದು, ಅವನಿಗೆ ಕಣ್ಣಿದೆಯಲ್ಲ" ಎಂದ. ಮುದುಕ ಅದನ್ನು ಹೊಗಳಿಕೆಯಾಗಿಯೂ ಹೇಳಲಿಲ್ಲ, ತೆಗಳಿಕೆಯಾಗಿಯೂ ಹೇಳಲಿಲ್ಲ. ಆದರೆ ಆ ಮಾತು ದೊಡ್ಡವರ ಎದೆಯಲ್ಲಿ ಮುಳ್ಳಾಗಿ ಕೂತದ್ದು ಮತ್ತೆ ಏಳಲೇ ಇಲ್ಲ.

ವರ್ಷ ತುಂಬುವುದರೊಳಗೆ ತಮ್ಮನು ಕಾರ್ಖಾನೆ ಬಿಟ್ಟು, ಮುಖ್ಯರಸ್ತೆಯಲ್ಲಿ ಗಾಜಿನ ಮುಂಭಾಗದ ಅಂಗಡಿ ತೆರೆದು ವಿದೇಶದ ರೈಫಲ್ಲುಗಳ ಏಜೆಂಟನಾದ. ಆಮೇಲಿನ ಹದಿನೈದು ವರ್ಷ ಯಜಮಾನರು ಆ ರಸ್ತೆಯಲ್ಲಿ ಕಾಲಿಡಲಿಲ್ಲ, ಆದರೆ ಆ ಗಾಜಿನ ಹಿಂದೆ ಈ ವಾರ ಏನು ಇಟ್ಟಿದ್ದಾರೆ ಎಂಬುದು ಅವರಿಗೆ ಗೊತ್ತಿಲ್ಲದ ದಿನವೂ ಇರಲಿಲ್ಲ. ಲೇತ್ ಯಂತ್ರ ನಡೆಸುವವನು ಊಟ ಮುಗಿಸಿ ಬಂದರೆ ಸಾಕು, "ಆ ಕಡೆಯಿಂದ ಬಂದ್ಯಾ? ಹಾಗೇ ಕೇಳ್ದೆ. ಜನ ಇದ್ರಾ?" ಎನ್ನುತ್ತಿದ್ದರು. ಇದ್ದರು ಎಂದರೆ ಆ ಮಧ್ಯಾಹ್ನ ಯಾರಿಗೂ ಸುಖವಿಲ್ಲ. ಇರಲಿಲ್ಲ ಎಂದರೆ, "ಇರೋದಿಲ್ಲ ಬಿಡು" ಎಂದು ಎಲ್ಲರಿಗೂ ಚಹಾ ತರಿಸುತ್ತಿದ್ದರು. ಹಾಗಾಗಿ ಲೇತಿನವನ ಪಾಲಿಗೆ ಆ ಅಂಗಡಿಯಲ್ಲಿ ಎಂದೂ ಜನ ಇರುತ್ತಿರಲಿಲ್ಲ. ತಮ್ಮನು ಬೂದುಬಣ್ಣದ ಕೋಟು ಹೊಲಿಸಿದನೆಂದು ತಿಳಿದು, ಅದೇ ದರ್ಜಿಯ ಬಳಿ ಅದೇ ಬಟ್ಟೆ ಕೊಂಡು, "ಅವನದಕ್ಕಿಂತ ಎರಡು ಬೆರಳು ಉದ್ದ ಇರ್ಲಿ" ಎಂದು ಹೇಳಿ ಹೊಲಿಸಿಕೊಂಡರು. ತೋಳಿಗೂ ಎರಡು ಬೆರಳು ಸೇರಿಕೊಂಡದ್ದರಿಂದ ಅದು ದಿನವಿಡೀ ಎಣ್ಣೆಯ ಡಬ್ಬಿಯಲ್ಲಿ ಅದ್ದುತ್ತಿತ್ತು. ತಮ್ಮನಿಗೆ ಮಂಡಿನೋವೆಂದು ಯಾರಾದರೂ ಹೇಳಿದರೆ, ನನ್ನ ಸೊಂಟನೋವು ಅದಕ್ಕಿಂತ ಹಳೆಯದು ಎನ್ನುತ್ತಿದ್ದರು.

"ಸ್ವಂತ ತಮ್ಮನ ಮೇಲೆ ಇಷ್ಟು ಉರ್ಕೊಳ್ಳೋದು ನಾ ಎಲ್ಲೂ ಕಂಡಿಲ್ಲ ಕಣ್ರಿ" ಎಂದು ಹೆಂಡತಿ ಬೈದರೆ, "ಬೇರೆಯವರ ಮೇಲೆ ಉರ್ಕೊಂಡು ನನಗೇನಾಗ್ಬೇಕು?" ಎಂದು ಅವರು ನಿಜವಾಗಿಯೂ ಆಶ್ಚರ್ಯಪಡುತ್ತಿದ್ದರು.

ಅವರ ಉರಿಗೆ ಕಾರಣಗಳಿರಲಿಲ್ಲ ಎನ್ನಲಾರೆ. ಉಕ್ಕಿನ ಕಂಪನಿ ಹತ್ತು ಟನ್ನಿಗಿಂತ ಕಡಿಮೆ ಕೊಡುವುದಿಲ್ಲ, ಇವರಿಗೆ ಬೇಕಾದದ್ದು ಒಂದು ಟನ್ನು. ನೀರಿನ ಪಂಪಿಗೆ ಉಕ್ಕಿನ ದಂಡ ಮಾಡುವವರ ಬಾಗಿಲಲ್ಲಿ ನಿಂತು ಅವರ ಪಾಲಿನಿಂದ ಬೇಡಿ ತರಬೇಕು. ಕೊರೆದ ಪ್ರತಿಯೊಂದು ನಳಿಗೆಯೂ ಎರಡು ದಿನದ ದಾರಿಯಲ್ಲಿರುವ ಸರ್ಕಾರಿ ಪರೀಕ್ಷಾಲಯಕ್ಕೆ ಹೋಗಿ, ಹೆಚ್ಚಿನ ಮದ್ದು ತುಂಬಿಸಿಕೊಂಡು ಸಿಡಿಸಿಕೊಂಡು, ಮುದ್ರೆ ಹಾಕಿಸಿಕೊಂಡು ಬರಬೇಕು. ಬಂದೂಕು ಎಂದ ಕೂಡಲೇ ಲಾರಿಯವನು ಕೈಮುಗಿಯುತ್ತಾನೆ, ವಿಮೆಯವನು ಫೋನು ಇಡುತ್ತಾನೆ. ತಮ್ಮನ ಮಾಲು ಮಾತ್ರ ಹೊರದೇಶದ ಮುದ್ರೆ ಹೊತ್ತು, ರೇಷ್ಮೆಯಂಥ ಬಟ್ಟೆಯಲ್ಲಿ ಮದುಮಗಳ ಹಾಗೆ ಬಂದಿಳಿಯುತ್ತದೆ. ದೊಡ್ಡ ಅಧಿಕಾರಿಗಳು ಕಾರ್ಖಾನೆಗೆ ಬಂದು, ರೈಫಲ್ಲನ್ನು ತಲೆಕೆಳಗಾಗಿ ಹಿಡಿದು ಫೋಟೋ ತೆಗೆಸಿಕೊಂಡು, ಇದು ನಮ್ಮ ನೆಲದ ಹೆಮ್ಮೆ ಎಂದು ಭಾಷಣ ಮಾಡಿ, ಹಿಂದಿರುಗುವಾಗ ಮುಖ್ಯರಸ್ತೆಯಲ್ಲಿ ಕಾರು ನಿಲ್ಲಿಸುತ್ತಿದ್ದರು.

ಹೀಗಿರುವಾಗ ಶೂಟಿಂಗ್ ಶಾಲೆಗೆ ಅರವತ್ತು ರೈಫಲ್ಲು ಬೇಕಾದವು. ಅದು ಸಿಕ್ಕರೆ ಎರಡು ವರ್ಷದ ಕೆಲಸ, ಸಿಗದಿದ್ದರೆ ಬಾಗಿಲು ಮುಚ್ಚುವುದೇ ಎಂದು ಯಜಮಾನರು ಏಳು ಜನರನ್ನೂ ನಿಲ್ಲಿಸಿ ಮುಚ್ಚುಮರೆಯಿಲ್ಲದೆ ಹೇಳಿದರು. ಶಾಲೆ ನಡೆಸುವ ಮೇಡಂ ಇವರದೊಂದು, ತಮ್ಮನದೊಂದು ರೈಫಲ್ಲು ತರಿಸಿ ಎರಡನ್ನೂ ಹೊಡೆಸಿ ನೋಡುವುದೆಂದು ನಿರ್ಧರಿಸಿದರು. ಮುದ್ರೆ ಬಿದ್ದ ಹನ್ನೆರಡು ನಳಿಗೆಗಳು ಗೂಡಿನಲ್ಲಿದ್ದವು. ಹೊಸ ಉಕ್ಕು ಬರುವುದು ಮುಂದಿನ ವರ್ಷ.

ಆದರೆ ಆ ಹೊತ್ತಿಗೆ ಯಜಮಾನರ ಬಲಗಣ್ಣಿಗೆ ಪೊರೆ ಬರಲು ಶುರುವಾಗಿತ್ತು. ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಸುದ್ದಿ ಮುಖ್ಯರಸ್ತೆ ಮುಟ್ಟುತ್ತದಲ್ಲ! ಬೆಳಗಿನ ಬಿಸಿಲಿದ್ದಾಗ ಮಾತ್ರ ನಳಿಗೆ ಹಿಡಿಯುತ್ತಿದ್ದರು, ಹಿಡಿದರೆ ಬೇಗ ಇಳಿಸುತ್ತಿರಲಿಲ್ಲ. ಪೊರೆಯ ಕಣ್ಣಿಗೆ ನೆಟ್ಟಗಿದ್ದ ಗೆರೆಯೂ ಮುರಿದಂತೆ ಕಂಡಿತು, ತಟ್ಟಿದರು. ಆಗ ಇನ್ನೊಂದು ಕಡೆ ಮುರಿದಂತೆ ಕಂಡಿತು, ತಿರುಗಿಸಿ ತಟ್ಟಿದರು. ಒಂದನ್ನು ಬಿಟ್ಟು ಇನ್ನೊಂದನ್ನು ತೆಗೆದುಕೊಂಡರು, ಅದನ್ನೂ ತಟ್ಟಿದರು. ಕೊನೆಗೆ ಆರಿಸಿದ ನಳಿಗೆಗೆ ಬಿದ್ದ ಪೆಟ್ಟು ಹತ್ತೊಂಬತ್ತು. ಗೋಡೆಯ ಈಚೆ ನಾನು ಎಣಿಸಿದ್ದೆ.

ಪರೀಕ್ಷೆಯ ಬೆಳಿಗ್ಗೆ ಗುರಿಮೈದಾನದಲ್ಲಿ ಇವರ ರೈಫಲ್ಲಿನ ಮೊದಲ ಹತ್ತು ಗುಂಡುಗಳು ಒಂದು ನಾಣ್ಯದಡಿ ಮುಚ್ಚಿಹೋಗುವಷ್ಟು ಒತ್ತಾಗಿ ಬಿದ್ದವು. ತಮ್ಮನ ರೈಫಲ್ಲಿನದು ಅಷ್ಟು ಒತ್ತಾಗಿರಲಿಲ್ಲ. ಯಜಮಾನರು ಉದ್ದ ಕೋಟಿನ ಗುಂಡಿ ಹಾಕಿಕೊಂಡು ತಮ್ಮನ ಕಡೆ ತಿರುಗಿ ನಿಂತರು. ಹದಿನೈದು ವರ್ಷದ ಮೇಲೆ ಅವರು ತಮ್ಮನನ್ನು ಎರಡೂ ಕಣ್ಣು ತೆರೆದು ನೋಡಿದ್ದು ಅದೇ ಮೊದಲಂತೆ. ಹನ್ನೊಂದನೆಯ ಗುಂಡು ಬಲಕ್ಕೆ ಸರಿಯಿತು. ಹದಿನೈದನೆಯದು ಬಲಕ್ಕೂ ಮೇಲಕ್ಕೂ ಹೋಯಿತು. ಇಪ್ಪತ್ತರ ಹೊತ್ತಿಗೆ ಗುಂಡುಗಳು ಕಾಗದದ ಮೂಲೆಗೆ ಇರುವೆಸಾಲಿನಂತೆ ಹೊರಟಿದ್ದವು.

ತಮ್ಮ ಆ ಕಾಗದವನ್ನು ನೋಡಿ ಮೆಲ್ಲಗೆ ಕೇಳಿದ: "ಅಣ್ಣ, ಎಷ್ಟು ಪೆಟ್ಟು ಹಾಕ್ದೆ?"

"ಎರಡು."

"ಎರಡಲ್ಲ. ನೆಟ್ಟಗಿದ್ದದ್ದನ್ನ ಬಾಗಿಸಿ, ಮತ್ತೆ ನೆಟ್ಟಗೆ ಮಾಡಿದೀಯ. ಬಿಸಿ ಏರಿದ ಕೂಡ್ಲೇ ಅದು ತನ್ನ ಪಾಡಿಗೆ ತಿರುಗ್ತಿದೆ."

"ನಿನ್ನ ಮಾಲು ಗೆದ್ದಿದೆ, ಮಾರ್ಕೊಂಡು ಹೋಗು" ಎಂದರು ಇವರು.

ಮೇಡಂ ಮಾತ್ರ ಮೊದಲ ಹತ್ತು ಗುಂಡಿನ ಮೇಲಿಂದ ಕಣ್ಣು ತೆಗೆದಿರಲಿಲ್ಲ. "ಹತ್ತು ದಿನ ಕೊಡ್ತೀನಿ ಯಜಮಾನ್ರೆ. ಇಂಥದ್ದೇ ಇನ್ನೊಂದು ತನ್ನಿ, ಆದರೆ ಕೊನೇವರೆಗೂ ಹೀಗೇ ಹೊಡೀಬೇಕು" ಎಂದರು.

ಉಳಿದಿದ್ದವು ಹನ್ನೊಂದು ನಳಿಗೆ. ಯಾವುದಕ್ಕೆ ಸುತ್ತಿಗೆ ಬಿದ್ದಿದೆ, ಯಾವುದು ಮುಟ್ಟದೆ ಉಳಿದಿದೆ ಎಂಬುದು ಯಜಮಾನರಿಗೇ ನೆನಪಿರಲಿಲ್ಲ. ತಟ್ಟಿಸಿಕೊಂಡ ನಳಿಗೆಯೊಳಗೆ ಗೆರೆ ನೀರಿನ ಮೇಲಿದ್ದ ಹಾಗೆ ಒಂದಿಷ್ಟು ನಡುಗುತ್ತದೆ. ಅದನ್ನು ಗುರುತಿಸುವ ಕಣ್ಣು ಊರಲ್ಲಿ ಒಂದೇ ಇತ್ತು. ಮೂರು ದಿನ ಹಾಗೇ ಕಳೆದವು. ನಾಲ್ಕನೆಯ ದಿನ ಹೆಂಡತಿ ಚಪ್ಪಲಿ ಮೆಟ್ಟಿದರು.

"ಎಲ್ಲಿಗೆ?"

"ಮೈದುನನ್ನ ಕರ್ಕೊಂಡು ಬರೋಕೆ."

"ಅವನು ಬಂದ್ರೆ ನಾನಿಲ್ಲಿ ಇರಲ್ಲ."

"ಬೇಡ ಬಿಡಿ. ನಳಿಗೆ ನೋಡೋಕೆ ನೀವ್ಯಾಕೆ?" ಎಂದು ಆಕೆ ನಡೆದೇಬಿಟ್ಟರು.

ತಮ್ಮ ಮಧ್ಯಾಹ್ನ ಬಂದ. ಯಜಮಾನರು ಎಲ್ಲಿಗೂ ಹೋಗಿರಲಿಲ್ಲ, ಮೂಲೆಯಲ್ಲಿ ಸ್ಟೂಲಿನ ಮೇಲೆ ಬೆನ್ನು ತಿರುಗಿಸಿ ಕೂತಿದ್ದರು. ಅವನು ಕೋಟು ಕಳಚಿ ಮೊಳೆಗೆ ಹಾಕಿ, ಮೊದಲ ನಳಿಗೆಯನ್ನು ಎತ್ತಿಕೊಂಡ. ಹಸಿದವನು ಅನ್ನದ ಮುಂದೆ ಕೂತ ಹಾಗಿತ್ತು ಅವನ ಮುಖ. "ನನ್ನ ಅಂಗಡೀಲಿ ಗಾಜೇ ಗಾಜು ಅಣ್ಣ, ಒಂದು ಅಡ್ಡಪಟ್ಟಿ ಇಲ್ಲ" ಎಂದ. ಅಣ್ಣನ ಬೆನ್ನು ಅರ್ಧ ತಿರುಗಿತು. ಅವನು ಒಂದೊಂದನ್ನೂ ಒಮ್ಮೆ ಮಾತ್ರ ನೋಡಿದ. ಬೇಡ, ಬೇಡ, ಬೇಡ ಎನ್ನುತ್ತ ಎಂಟನೆಯದರ ಬಳಿ ನಿಂತು, "ಇದು ಸುತ್ತಿಗೇನೇ ಕಂಡಿಲ್ಲ. ಇದನ್ನ ಕಟ್ಟು" ಎಂದ.

ಹೊರಡುವಾಗ ಬಾಗಿಲಲ್ಲಿ ನಿಂತು, "ಪೊರೆ ಬಂದಿದೆ ಅಲ್ವಾ?" ಎಂದು ಕೇಳಿದ.

"ನಿನಗೆ ಬಂದಿಲ್ವಾ?"

"ಇನ್ನೂ ಇಲ್ಲ."

ಯಜಮಾನರ ಮುಖ ಆಗ ಪರೀಕ್ಷೆಯಲ್ಲಿ ಸೋತ ದಿನಕ್ಕಿಂತ ಚಿಕ್ಕದಾಯಿತು.

ನಳಿಗೆಯನ್ನು ಯಾರ ಕಣ್ಣು ಒಪ್ಪಿತೋ ಅವರ ಗುರುತನ್ನು ಅದರ ಅಡಿಯಲ್ಲಿ, ಮರದ ಹಿಡಿ ಮುಚ್ಚಿಕೊಳ್ಳುವ ಜಾಗದಲ್ಲಿ ಒತ್ತುವುದು ಆ ಕಾರ್ಖಾನೆಯ ರೂಢಿ. ಹೊರಗಿನಿಂದ ಅದು ಯಾರಿಗೂ ಕಾಣಿಸದು; ಹಿಡಿ ಕೂರಿಸುವವರು ಮಾತ್ರ ನೋಡುತ್ತಾರೆ. ಯಜಮಾನರದು ಅರ್ಧಚಂದ್ರ. ತಮ್ಮನದು ಎಳ್ಳಿನಷ್ಟು ಸಣ್ಣ ಮುಕ್ಕೋನ. ಅದನ್ನು ಒತ್ತುವ ಉಳಿ ಹದಿನೈದು ವರ್ಷದಿಂದ ತಗಡಿನ ಡಬ್ಬಿಯ ತಳದಲ್ಲಿ ತುಕ್ಕು ಹಿಡಿಯುತ್ತ ಬಿದ್ದಿತ್ತು. ತಮ್ಮನು ಹೋದ ಸಂಜೆ ಗೋಡೆಯ ಆಚೆ ಸಾಣೆ ತಿರುಗುವ ಸದ್ದು ಕೇಳಿಸಿತ್ತು. ಮರುದಿನ ಹಿಡಿ ಕೂರಿಸಲು ನಳಿಗೆ ನನ್ನ ಕೈಗೆ ಬಂದಾಗ ತಿರುಗಿಸಿ ನೋಡಿದೆ. ಮುಕ್ಕೋನವಿತ್ತು. ಹೊಸದಾಗಿ ಸಾಣೆ ಹಿಡಿದ ಉಳಿಯ ಮುಕ್ಕೋನ, ಒಂದೇ ಪೆಟ್ಟಿನದು, ಅಂಚುಗಳು ಕನ್ನಡಿಯ ಹಾಗೆ ಹೊಳೆಯುತ್ತಿದ್ದವು. ಯಜಮಾನರು ಬಾಗಿಲಲ್ಲಿ ನಿಂತು ನಾನು ನೋಡುವುದನ್ನೇ ನೋಡುತ್ತಿದ್ದರು. "ಏನಕ್ಕ, ಉಜ್ಜೋ ಕೆಲಸ ಬಿಟ್ಟು ಓದೋ ಕೆಲಸ ಶುರು ಮಾಡಿದೀಯಾ?" ಎಂದು ಗದರಿ ಹೋದರು.

ಆ ರೈಫಲ್ಲು ನಲವತ್ತು ಗುಂಡನ್ನೂ ಒಂದೇ ಕಡೆ ಹಾಕಿತು. ಶಾಲೆಯವರು ಅರವತ್ತರಲ್ಲಿ ನಲವತ್ತನ್ನು ಇವರಿಂದ, ಇಪ್ಪತ್ತನ್ನು ತಮ್ಮನಿಂದ ತೆಗೆದುಕೊಂಡರು. ಏಳು ಜನರ ಕೆಲಸ ಉಳಿಯಿತು. ಯಜಮಾನರು ಕಣ್ಣಿನ ಆಪರೇಷನ್ನು ಮಾಡಿಸಿಕೊಂಡರು. ಹಸಿರು ಪಟ್ಟಿ ಕಟ್ಟಿಕೊಂಡೇ, ಆ ಇಪ್ಪತ್ತು ಅವನಿಗೆ ಹೇಗೆ ಹೋಯಿತು ಎಂದು ಬಂದವರನ್ನೆಲ್ಲ ಕೇಳುತ್ತಿದ್ದರು. ಗೆದ್ದ ನಳಿಗೆಯ ಮಾತು ಬಂದರೆ, "ಆರಿಸಿದ್ದು ನಾನೇ. ಅವನು ಬಂದು ಹೌದು ಅಂದ, ಅಷ್ಟೆ" ಎನ್ನುತ್ತಿದ್ದರು. ನಾನು ತಲೆ ತಗ್ಗಿಸಿ ಉಜ್ಜುತ್ತಿದ್ದೆ.

ಹೊಟ್ಟೆಕಿಚ್ಚಿನವರನ್ನು ಈ ವಯಸ್ಸಿಗೆ ಬೇಕಾದಷ್ಟು ಕಂಡಿದ್ದೇನೆ. ಬಹಳ ಜನರಿಗೆ ಇನ್ನೊಬ್ಬನಲ್ಲಿರುವುದು ತಮಗೂ ಬೇಕು. ಸಿಕ್ಕರೆ ತಣ್ಣಗಾಗುತ್ತಾರೆ, ಸಿಗದಿದ್ದರೆ ಅದೇನು ಮಹಾ ಎಂದು ಮೂಗು ಮುರಿಯುತ್ತಾರೆ. ಕೈಕೆಲಸದಲ್ಲಿ ಮುದುಕರಾದವರ ಕಿಚ್ಚು ಬೇರೆ ಬಗೆಯದು. ಎದುರಿನವನ ಕೆಲಸ ಎಷ್ಟು ಚೆನ್ನಾಗಿದೆ ಎಂಬುದು ಅವರಿಗೆ ಗೊತ್ತಾಗುವಷ್ಟು ಇನ್ಯಾರಿಗೂ ಗೊತ್ತಾಗುವುದಿಲ್ಲವಾದ್ದರಿಂದ ಅವರು ಮೂಗು ಮುರಿಯಲಾರರು, ತಣ್ಣಗಾಗಲೂ ಆರರು. ಮನೆಮಂದಿಗೆಲ್ಲ ಅದರ ಬಿಸಿ ತಟ್ಟುತ್ತದೆ, ಬೀದಿಯವರು ನಗುತ್ತಾರೆ. ಆದರೂ ಒಬ್ಬ ಕೆಲಸಗಾರನ ಬೆಲೆ ತಿಳಿಯಬೇಕೆಂದರೆ ಅವನನ್ನು ಹೊಗಳುವವರ ಹತ್ತಿರ ಹೋಗಬಾರದು. ಅವನ ಹೆಸರೆತ್ತಿದರೆ ಯಾರ ಊಟ ರುಚಿಗೆಡುತ್ತದೋ ಅವರನ್ನು ಹುಡುಕಿಕೊಂಡು ಹೋಗಬೇಕು.