ದೇವರ ಲೆಕ್ಕದ ದೀಪ

೧
ಈ ಕಥೆಯನ್ನು ಹುಳದಿಂದ ಶುರು ಮಾಡಲೇ, ಅತ್ತೆಯಿಂದಲೇ? ಹುಳ ಅಂದರೆ ನೀವು ಪುಟ ತಿರುವುತ್ತೀರಿ. ಅತ್ತೆ ಅಂದರೆ ಸೀರಿಯಲ್ ಅಂದುಕೊಳ್ಳುತ್ತೀರಿ. (ತೆಲಂಗಾಣದ ಜಹೀರಾಬಾದಿನಲ್ಲಿ ಕೂತು ಕನ್ನಡದಲ್ಲಿ ಬರೆಯುವವನಿಗೆ ಓದುಗರನ್ನು ಕಳೆದುಕೊಳ್ಳುವಷ್ಟು ಸಿರಿತನವಿಲ್ಲ.) ಹಾಗಾಗಿ ಇಬ್ಬರನ್ನೂ ಒಂದೇ ಕೋಣೆಯಲ್ಲಿಡುತ್ತೇನೆ.

೨
ಕೋಣೆ ನಾರಾಯಣಖೇಡದ ಒಂದು ದೇವರ ಮನೆ. ಕಿಟಕಿಯಿಲ್ಲ, ಹೊರಗಿನ ಬೆಳಕಿಲ್ಲ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಪ್ರೇಮಲಾ ನಲವತ್ತೊಂದನೇ ವಯಸ್ಸಿನಲ್ಲಿ ಪಿಎಚ್.ಡಿ. ಹಿಡಿದಿದ್ದಾಳೆ. ತಾಂಡೂರಿನ ತೊಗರಿ ಹೊಲದಿಂದ ಕಾಯಿಕೊರಕ ಹುಳಗಳನ್ನು ತಂದು ಇಲ್ಲಿ ಗಾಜಿನ ಡಬ್ಬಿಗಳಲ್ಲಿ ಸಾಕಿದ್ದಾಳೆ. ಬೆಳಿಗ್ಗೆ ಎಂಟರಿಂದ ಸಂಜೆ ಆರರ ತನಕ ಬಲ್ಬು, ಆಮೇಲೆ ಕತ್ತಲೆ. ಹುಳದ ಮೈಯೊಳಗೆ ಗಡಿಯಾರದ ಕೆಲಸ ಮಾಡುವ ಜೀನುಗಳಿವೆ. ಹಗಲು ಗಿಡ್ಡವಾಯಿತೆಂದು ಅವು ಎಣಿಸಿದರೆ, ಹುಳ ಕೋಶವಾಗಿ ಚಳಿಗಾಲ ಕಳೆಯುವ ತನಕ ಮಲಗಿಬಿಡುತ್ತದೆ. ಈ ನಿದ್ದೆಯನ್ನು ತೋರಿಸಿಕೊಟ್ಟರೆ ಅವಳಿಗೆ ಡಾಕ್ಟರೇಟ್.

ಆ ಜೀನುಗಳಲ್ಲಿ ಒಂದರ ಹೆಸರು ‘ಟೈಮ್‌ಲೆಸ್’ ಎಂದು ಕೇಳಿ ಅತ್ತೆ ರುಕ್ಮಿಣಿಬಾಯಿ ನಕ್ಕರು.

"ಟೈಮ್‌ಲೆಸ್ ಅಂದ್ರ ಏನವ್ವ?"

"ಟೈಮ್ ಇಲ್ಲದ್ದು ಅಂತ್ರಿ, ಅತ್ತಿ."

"ಅದು ನನ್ನಾಗೂ ಅದ. ಈ ಮನಿಗಿ ಬಂದಾಗಿಂದ ನನಗೆಲ್ಲಿ ಟೈಮ್ ಅದ?"

೩ (ಹರಿದು ಹಾಕಿದ್ದು)
ಇಲ್ಲಿ ಅತ್ತೆ ಹುಳಗಳನ್ನು ತಿಪ್ಪೆಗೆಸೆಯುತ್ತಾರೆ ಎಂದು ಬರೆದಿದ್ದೆ. ರುಕ್ಮಿಣಿಬಾಯಿ ನನ್ನ ಹಾಳೆಗೇ ಅಡ್ಡ ನಿಂತರು.

"ಏನ್ರೀ ಕತಿ ಬರಿಯೋರ, ಅತ್ತಿ ಅಂದ್ರ ಹಂಗೇ ಇರಬೇಕೇನ್ರಿ? ಸೊಸಿ ಡಾಕ್ಟರ್ ಆಗ್ತಾಳ ಅಂತ ಓಣಿಗೆಲ್ಲ ಹೇಳಿದಾಕಿ ನಾನು. ಅಳಸ್ರಿ."

ಅಳಿಸಿದೆ. (ನನ್ನ ಅತ್ತೆಗೂ ಇಷ್ಟು ಹೆದರಿಲ್ಲ.)

೩ (ಮತ್ತೆ)
ಹುಳಗಳು ಮಲಗಲಿಲ್ಲ. ಕೋಶವಾದವು, ಮೂರನೇ ವಾರಕ್ಕೆ ಪತಂಗಗಳಾಗಿ ಪಟಪಟ ರೆಕ್ಕೆ ಬಡಿದವು. ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಪ್ರೇಮಲಾ ಅತ್ತಳು. ಅತ್ತ ಮೇಲೆ, ಡಬ್ಬಿಯೊಳಗೆ ಬೆಳಕು ಅಳೆಯಲು ಇಟ್ಟಿದ್ದ ಪುಟ್ಟ ಯಂತ್ರದ ದಾಖಲೆ ತೆರೆದಳು. ದಿನಾ ನಸುಕಿಗೆ ಚೂರು ಬೆಳಕು. ನಾಲ್ಕು ಗಂಟೆ ಒಂದು ನಿಮಿಷ, ನಾಲ್ಕು ಎರಡು, ನಾಲ್ಕು ಒಂದು. ನಲವತ್ತು ದಿನ ಹೀಗೇ.

"ಅತ್ತೀ, ಲಿಂಗಪೂಜಿ ದೀಪ ಎಷ್ಟಕ್ಕ ಹಚ್ಚತೀರಿ?"

"ನಾಕಕ್ಕ."

"ಗಡಿಯಾರ ನೋಡ್ತೀರೇನ್ರಿ?"

"ಗಡಿಯಾರ ಯಾಕ ಬೇಕು? ಎಚ್ಚರ ಆಗ್ತದಲ್ಲ. ನಿನ್ನ ಡಬ್ಬಿ ಮುಟ್ಟಿಲ್ಲವ್ವ ನಾ, ಲಿಂಗದಾಣೆ."

ಪೂಜೆಯ ವಿಷಯ ಪ್ರೇಮಲಾಗೆ ಗೊತ್ತಿರಲಿಲ್ಲವೆಂದಲ್ಲ. ಆ ದೀಪವನ್ನು ಅವಳು ದೇವರ ಲೆಕ್ಕಕ್ಕೆ ಹಾಕಿದ್ದಳು, ಬೆಳಕಿನ ಲೆಕ್ಕಕ್ಕಲ್ಲ. ಹುಳಗಳು ಮಾತ್ರ ಅದನ್ನೇ ಸೂರ್ಯೋದಯವೆಂದು ನಂಬಿದ್ದವು. ನಾಲ್ಕರಿಂದ ಸಂಜೆ ಆರರ ತನಕ ಹದಿನಾಲ್ಕು ತಾಸಿನ ಹಗಲು. ಬೇಸಿಗೆಯಲ್ಲಿ ಯಾರು ಹೊದ್ದು ಮಲಗುತ್ತಾರೆ?

೪
ದೀಪದ ಸಂಗತಿ ಮುಚ್ಚಿಟ್ಟು ಬೇರೆ ಕೋಣೆಯಲ್ಲಿ ಹೊಸದಾಗಿ ಶುರು ಮಾಡುತ್ತಾಳೆ ಎಂದು ಬರೆದೆ. ಈ ಸಲ ಪ್ರೇಮಲಾ ಸಿಟ್ಟಾದಳು.

"ನನ್ನ ಕಡಿಂದ ಸುಳ್ಳು ಹೇಳಸ್ತೀರೇನ್ರಿ? ಹುಳ ಬರೋಬ್ಬರಿ ಎಣಿಸ್ಯಾವ. ತಪ್ಪಿದಾಕಿ ನಾನು."

ಅದೇ ದೇವರ ಮನೆಯಲ್ಲಿ, ಮುಂದಿನ ಚಳಿಗಾಲ, ಅರ್ಧ ಡಬ್ಬಿಗಳಿಗೆ ಸಂಜೆ ಬಲ್ಬು ಆರಿದಾಗಿನಿಂದ ಬೆಳಿಗ್ಗೆ ಎಂಟರ ತನಕ ಕರಿ ಕಂಬಳಿ ಹೊದಿಸಿದಳು. ಅರ್ಧ ದೀಪದೆದುರು. ಕಂಬಳಿಯೊಳಗಿನ ಇಪ್ಪತ್ನಾಲ್ಕು ಹುಳಗಳಲ್ಲಿ ಹತ್ತೊಂಬತ್ತು ಮಲಗಿದವು. ದೀಪದೆದುರಿನ ಇಪ್ಪತ್ನಾಲ್ಕರಲ್ಲಿ ಎರಡೇ. ಖುಷಿಯಿಂದ ನಾನು ಎದ್ದು ಚಹಾ ಮಾಡಿಕೊಂಡೆ.

೫
ವೈವಾ, ಪಿಎಚ್.ಡಿ.ಯ ಮೌಖಿಕ ಪರೀಕ್ಷೆ. ಪರೀಕ್ಷಕರು ಪ್ರಬಂಧದ ಒಂದು ಪುಟದಲ್ಲಿ ಬೆರಳಿಟ್ಟರು. "ಬೆಳಕಿನ ಮೂಲ: ತುಪ್ಪದ ದೀಪ, ಒಂದು. ಸಮಯ: ನಸುಕಿನ ನಾಲ್ಕು. ನಿಯಂತ್ರಣ: ರುಕ್ಮಿಣಿಬಾಯಿ."

"ಇದು ಯಾವ ಕಂಪನಿಯ ಟೈಮರ್?"

ಪ್ರೇಮಲಾ ಹಿಂದಿನ ಸಾಲಿನತ್ತ ಕೈ ತೋರಿಸಿದಳು. "ನಮ್ಮ ಅತ್ತೆ, ಸರ್. ಕರೆಂಟ್ ಹೋದಾಗ ಬಲ್ಬಿನ ಟೈಮರ್ ಮೂರು ಸಲ ತಪ್ಪಿದೆ. ಇವರು ಒಂದು ದಿನವೂ ತಪ್ಪಿಲ್ಲ."

(ಇಂಗ್ಲಿಷಿನಲ್ಲಿ ಹೇಳಿದಳು. ಅನುವಾದ ನನ್ನದು, ಹೆಮ್ಮೆಯೂ ನನ್ನದು.)

೬
ಪರೀಕ್ಷಕರು (ಅ) ನಕ್ಕರು. (ಆ) ಆ ಸಾಲಿಗೆ ಕೆಂಪು ಗೆರೆ ಎಳೆದರು. (ಇ) ಎದ್ದು ಕೈ ಮುಗಿದರು. ನನಗೆ (ಇ) ಇಷ್ಟ, ಆದರೆ ಅಷ್ಟು ಸಿಹಿ ನಿಮಗೆ ಆಗಲಿಕ್ಕಿಲ್ಲ.

ಹೊರಗಿನ ಬೆಂಚಿನ ಮೇಲೆ ಅತ್ತೆ, ಸೊಸೆ ಕೂತಿದ್ದಾರೆ. ಒಳಗೆ ತೀರ್ಮಾನ ನಡೆದಿದೆ. ಯಾವುದನ್ನು ಬರೆಯಲಿ ಎಂದು ರುಕ್ಮಿಣಿಬಾಯಿಯನ್ನೇ ಕೇಳಿದೆ.

"ಏನರ ಅನ್ಲಿ ಅವರು. ನನ್ನ ಹೆಸರ ಪುಸ್ತಕದಾಗ ಬರದಾಳ ನನ್ನ ಸೊಸಿ. ಅದು ಬರದ್ರೇನಿಲ್ರಿ?"

"ಬರೆದೆ, ಅಮ್ಮಾ. ಕೊನೆ ಬೇಕಲ್ಲ."

"ಕೊನಿ ಯಾಕ?" ಎಂದು ಚೀಲ ಹೆಗಲಿಗೇರಿಸಿದರು. "ಲಗೂ ಬಾಗಲಾ ತಗೀರಿ ಅನ್ರಿ ಅವರಿಗಿ. ಬಸ್ ತಪ್ಪಿದ್ರ ನಾಳಿ ನಾಕಕ್ಕ ದೀಪ ಯಾರ ಹಚ್ಚೋರು?"