ಮುಖ್ಯ ಅರ್ಜಿದಾರ

ರೆನಾಟೊನ ನಲವತ್ತೊಂದನೆಯ ಹುಟ್ಟುಹಬ್ಬಕ್ಕೆ ಹೆಂಡತಿ ಜೊವಿಲಿನ್ ಬೋಗುಣಿ ತುಂಬ ಪಾನ್ಸಿತ್ ಮಾಡಿದ್ದಳು. ಅವರ ಕಡೆ ಹುಟ್ಟುಹಬ್ಬಕ್ಕೆ ಆ ಶಾವಿಗೆ ತಿಂದವರ ಆಯಸ್ಸೂ ಅದರ ಎಳೆಯಷ್ಟೇ ಉದ್ದವಾಗಬೇಕು, ಎಳೆ ಕತ್ತರಿಸುವಂತಿಲ್ಲ. ಆದರೆ ಕಾಯಂ ವಾಸಕ್ಕೆ ಜನರನ್ನು ಆರಿಸುವ ಕೆನಡಾದ ಅಂಕಪಟ್ಟಿಗೆ ಆಯಸ್ಸು ಕಂಡರಾಗದು. ಹುಟ್ಟುಹಬ್ಬ ಬಂದ ಹಾಗೆಲ್ಲ ಅಂಕ ಇಳಿಯುತ್ತದೆ.

"ತಿನ್ನಿ ಕುಯಾ, ಇನ್ನೂ ಹತ್ತು ಅಂಕ ಹೋಗ್ಲಿ!" ಅವನನ್ನು ಅಣ್ಣನೆಂದೇ ಕರೆಯುವ ಗೆಳೆಯ ಬಾಯೆಟ್ ಕಿಚಾಯಿಸಿದ. "ಅತ್ತಿಗೆ ಹೆಸರಲ್ಲಾದ್ರೂ ಅರ್ಜಿ ಹಾಕ್ಬಾರ್ದಾ?"

ಕಾಯಂ ವಾಸದ ಅರ್ಜಿಯಲ್ಲಿ ಗಂಡಹೆಂಡಿರ ಪೈಕಿ ಒಬ್ಬರು ಮುಖ್ಯ ಅರ್ಜಿದಾರರು, ಇನ್ನೊಬ್ಬರು ಬಾಲಂಗೋಚಿ. ಜೊವಿಲಿನ್ ಎಂಟು ವರ್ಷ ಚಿಕ್ಕವಳು, ನರ್ಸಿಂಗ್ ಓದಿದವಳು, ಇಂಗ್ಲಿಷ್ ಪರೀಕ್ಷೆಯಲ್ಲೂ ಮುಂದು. ಆದರೂ ಮೂರು ವರ್ಷದಿಂದ ಮುಖ್ಯ ಅರ್ಜಿದಾರ ರೆನಾಟೊನೇ, ಏಕೆಂದರೆ ಅವನು ಗಂಡಸು. ಅಂಕ ಸಾಕಾದವರಿಗೆ ಸರ್ಕಾರದಿಂದ ಬರುವ ಕರೆ ಬರಲೇ ಇಲ್ಲ. ಇಬ್ಬರ ಕೆಲಸದ ಪರವಾನಗಿಯೂ ಆಗಸ್ಟ್‌ಗೆ ಮುಗಿಯುತ್ತಿತ್ತು. ಆಮೇಲೆ ವಿನ್ನಿಪೆಗ್‌ನಿಂದ ತಮ್ಮೂರು ಇಲೋಯಿಲೋಗೆ ಗಂಟುಮೂಟೆ ಕಟ್ಟಬೇಕು.

ರೆನಾಟೊ ಬಾಯಲ್ಲಿ ಶಾವಿಗೆ ಇಟ್ಟುಕೊಂಡೇ ನಕ್ಕ. "ಇವಳಿಂದ ನಂಗೆ ಸಿಗೋದೇ ಐದು ಅಂಕ ಕಣೋ. ಇವಳ ಹೆಸರಲ್ಲಿ ಹಾಕಿದ್ರೆ ನಾನು ಇವಳ ಹಿಂದೆ ಚೀಲ ಹೊತ್ಕೊಂಡು ಓಡಾಡ್ಬೇಕಷ್ಟೆ!"

ಎಲ್ಲರೂ ನಕ್ಕರು. ಜೊವಿಲಿನ್‌ಗೆ ಮೈಯೆಲ್ಲ ಉರಿದುಹೋಯಿತು. ಉರಿಯದೆ ಏನು?

ಮರುದಿನ ಅವಳು ತನ್ನ ಹೆಸರಲ್ಲೇ ಲೆಕ್ಕ ಹಾಕಿ ನೋಡಿದಳು. ಗಂಡ ಜೊತೆಗಿದ್ದರೆ, ಕಳೆದ ಸಲ ಕರೆ ಬಂದವರ ಕನಿಷ್ಠ ಅಂಕಕ್ಕಿಂತ ಹನ್ನೊಂದು ಕಡಿಮೆ. "ಸಂಗಾತಿ ಜೊತೆಗೆ ಬರುವುದಿಲ್ಲ" ಎಂದು ಗುರುತು ಹಾಕಿದರೆ ಅವಳು ಒಂಟಿಯೆಂದೇ ಲೆಕ್ಕ, ಒಂಬತ್ತು ಜಾಸ್ತಿ. ಗಂಡನನ್ನು ಕಳೆದರೆ ಹೆಂಡತಿಯ ಬೆಲೆ ಏರುತ್ತದೆಂದು ಸರ್ಕಾರವೇ ಹೇಳುತ್ತಿತ್ತು. ಅವಳು ಗುರುತು ಹಾಕಿ ತನ್ನ ಹೆಸರು ಸೇರಿಸಿಯೇಬಿಟ್ಟಳು. ಯಾರ ಮುಂದೆಯೂ ತುಟಿಪಿಟಕ್ ಎನ್ನಲಿಲ್ಲ.

ಮೂರನೆಯ ಬುಧವಾರ ಕರೆ ಬಂತು. ಜೊವಿಲಿನ್ ಲ್ಯಾಪ್‌ಟಾಪ್ ನೋಡಿ ಗಂಡನಿಗೆ ಕೂಗಿ ಹೇಳಿದಳು.

"ನಮ್ಗೆ ಸಿಕ್ತಾ?" ರೆನಾಟೊ ಕುಣಿದಾಡಿಬಿಟ್ಟ.

"ನಂಗೆ ಸಿಕ್ತು," ಎಂದು ಜೊವಿಲಿನ್ ಪರದೆಯನ್ನು ಅವನತ್ತ ತಿರುಗಿಸಿದಳು.

ಅವನು ಓದಿದ. ಮತ್ತೊಮ್ಮೆ ಓದಿದ. ಮುಖ ಸಪ್ಪಗಾಯಿತು. "ನನ್ನ ಬಿಟ್ಬಿಟ್ಯಾ? ಆಗಸ್ಟಲ್ಲಿ ನಾನೆಲ್ಲಿಗೆ ಹೋಗ್ಲಿ?"

"ಇಲೋಯಿಲೋಗೆ, ನಿಮ್ಮಮ್ಮನ ಹತ್ರ. ಆಮೇಲೆ ನಾನು ಅರ್ಜಿ ಹಾಕಿ ಕರೆಸ್ಕೊಂಡ್ರೆ ಬರ್ಬಹುದು."

"ಹಾಕ್ತೀಯಲ್ವಾ? ಜೊವಿ, ಹಾಕ್ತೀಯಲ್ವಾ?"

ಮದುವೆಯಾದಂದಿನಿಂದ ಅವನು ಅವಳ ಮುಂದೆ ಅಂಗಲಾಚಿದ್ದು ಇದೇ ಮೊದಲು. ಅವಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಮರುಕವೇನಾದರೂ ಉಳಿದಿದೆಯೇ ಎಂದು ಒಳಗೆ ಹುಡುಕಿಯೂ ನೋಡಿದಳು. ಇರಲಿಲ್ಲ.

"ಗಂಡನ್ನ ಕರೆಸ್ಕೊಳ್ಳೋದಕ್ಕೆ ಅಂಕ ನೋಡಲ್ವಂತೆ, ರೆನಾಟೊ," ಎಂದಳು. "ಹೆಂಡ್ತಿಗೆ ಮನಸ್ಸಿದ್ರೆ ಸಾಕಂತೆ."